ಮಹಡಿಯ ಮೇಲಿನ ತ್ರೀ ಎಯ್ಟಿ ಸಿಕ್ಸ್

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಿಂದೂಪುರದ ಕಾಲೇಜೊಂದರಲ್ಲಿ ನಾನು ಬಿ.ಎಸ್ಸಿ. ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಓದಿದ್ದು ಗಣಿತ. ಹೊಸ ಕೋರ್ಸು ಬಂದಾಗ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ಸುತ್ತ ಕಣ್ಣಾಡಿಸಿದರು. ಎಲ್ಲರೂ ಪೇಪರಿನಲ್ಲಿ ಮುಖ ಹುದುಗಿಸಿದ್ದರು, ನಾನೊಬ್ಬಳು ದಡ್ಡಿಯ ಹಾಗೆ ತಲೆಯೆತ್ತಿ ಕೂತಿದ್ದೆ. ಮೊದಲ ವರ್ಷ ಮಕ್ಕಳಿಗಿಂತ ಒಂದು ಅಧ್ಯಾಯ ಮುಂದೆ ಓಡುತ್ತ ಹೇಗೋ ಮಾನ ಉಳಿಸಿಕೊಂಡೆ. ಎರಡನೆಯ ವರ್ಷದ ಹೊತ್ತಿಗೆ ಆ ಹುಚ್ಚು ನನಗೇ ಹಿಡಿದಿತ್ತು.

ಅದೇ ಸಮಯದಲ್ಲಿ ಕಲ್ಯಾಣದುರ್ಗದಿಂದ ನನ್ನ ಸೋದರಮಾವನ ಮಗಳು ಫೋನು ಮಾಡಿದಳು. ಅವಳು ನನಗಿಂತ ಚಿಕ್ಕವಳು, ಬಿ.ಎಸ್ಸಿ. ಮುಗಿಸಿದವಳು. ಮದುವೆಯಾಗಿ ಹೋದ ಮನೆಯಲ್ಲಿ ಬಾಳಲಾಗದೆ ತವರಿಗೆ ವಾಪಸು ಬಂದಿದ್ದಳು. ಅವಳ ಅಪ್ಪ ಅಮ್ಮ, ಅಂದರೆ ನನ್ನ ಮಾವ ಅತ್ತೆ, ಅವಳಿಗೆ ಒಂದು ಕಟುಮಾತು ಆಡಿದವರಲ್ಲ. ಆದರೆ ಆ ಮನೆಯಲ್ಲಿ ಅವಳದು ಎನ್ನುವ ಜಾಗ ಎಲ್ಲೂ ಉಳಿದಿರಲಿಲ್ಲ. ಒಂದು ದಿನ ಅಡುಗೆಮನೆಯ ಪಕ್ಕ ಹಾಸಿಗೆ, ಇನ್ನೊಂದು ದಿನ ನಡುಮನೆಯ ಮೂಲೆ, ನೆಂಟರು ಬಂದರೆ ಹಿತ್ತಲ ಜಗಲಿ. ಯಾರಾದರೂ ಮನೆಗೆ ಬಂದು “ಈಯಮ್ಮ ಯಾರು?” ಎಂದರೆ ಅತ್ತೆ ಮಾತು ಬದಲಾಯಿಸುತ್ತಿದ್ದರು.

“ಅಕ್ಕ, ಅಪ್ಪ ಒಂದು ಕಂಪ್ಯೂಟರ್ ತಂದವ್ರೆ” ಎಂದಳು ಅವಳು. ದನಿಯಲ್ಲಿ ಬಹಳ ದಿನದ ಮೇಲೆ ಜೀವ ಇತ್ತು.

ಮಾವ ಕಡಲೆಕಾಯಿ ವ್ಯಾಪಾರಿ. ರಸ್ತೆಗೆ ಕಿರಾಣಿ ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ಗೋದಾಮು. ಯಾವುದೋ ಎಣ್ಣೆ ಮಿಲ್ಲಿನವರು ತಮ್ಮ ಆಫೀಸಿನ ಹಳೆಯ ಸಾಮಾನು ಖಾಲಿ ಮಾಡುವಾಗ ಇವರು ಹೋಗಿದ್ದರು. ಒಂದು ತ್ರೀ ಎಯ್ಟಿ ಸಿಕ್ಸ್ ಕಂಪ್ಯೂಟರ್, ಜೊತೆಗೆ ಹಸಿರು ಅಕ್ಷರ ಮೂಡುವ ಮೂರು ಟರ್ಮಿನಲ್ಲು ಹೊತ್ತು ತಂದರು. ಟರ್ಮಿನಲ್ಲಿಗೆ ಸ್ವಂತ ಬುದ್ಧಿ ಇರುವುದಿಲ್ಲ. ಒಂದು ಪರದೆ, ಒಂದು ಕೀಬೋರ್ಡು, ಅಷ್ಟೆ. ತಂತಿಯಲ್ಲಿ ದೊಡ್ಡ ಯಂತ್ರಕ್ಕೆ ಕಟ್ಟಿಹಾಕಿದರೆ ಅದರ ಬುದ್ಧಿಯಲ್ಲಿ ಇದೂ ಕೆಲಸ ಮಾಡುತ್ತದೆ. ನಾಲ್ಕು ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಸಿ ಭಾಷೆ ಕಲಿಸಬೇಕು ಎಂಬುದು ಅವಳ ಆಸೆ. ಅಂಗಡಿಯ ಮೇಲಿನ ಮಹಡಿ ಕೋಣೆ ವರ್ಷದಲ್ಲಿ ಬಹುಪಾಲು ಖಾಲಿ, ಸುಗ್ಗಿಯಲ್ಲಿ ಮಾತ್ರ ಗೋದಾಮಿನಲ್ಲಿ ಹಿಡಿಸದ ಮೂಟೆಗಳು ಅಲ್ಲಿಗೆ ಹೋಗುತ್ತಿದ್ದವು. ಆ ಕೋಣೆಯನ್ನು ಅವಳು ಕೇಳಿದಳು.

ಮಾವ ಆಗುವುದಿಲ್ಲ ಎನ್ನಲಿಲ್ಲ. ಕರಾರು ಹಾಕಿದರು. “ಕಳ್ಳೇಕಾಯಿ ಬರಗಂಟ ಕೋಣೆ ನಿಂದು ಕಣಮ್ಮ. ಅಷ್ಟರಾಗೆ ನಾಲ್ಕು ಹುಡ್ಗೀರು ಒಟ್ಟಿಗೆ ಕುಂತ್ಕಂಡು ಕಲಿಯಂಗಾದ್ರೆ ಆಮ್ಯಾಕೂ ನಿಂದೇ. ಆಗ್ದೇ ಹೋದ್ರೆ ಮೂಟೆ ನನ್ನ ತಲೆ ಮ್ಯಾಲೆ ಹೊತ್ಕಳ್ಲಾ?”

ಒಂದೇ ಯಂತ್ರದಲ್ಲಿ ನಾಲ್ಕು ಜನ ಕೆಲಸ ಮಾಡಬೇಕಾದರೆ ಒಬ್ಬರಿಗಷ್ಟೇ ಒದಗುವ ಡಾಸ್ ಸಾಲದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಒಂದು ಪತ್ರಿಕೆಯ ಜೊತೆ ಸಿ.ಡಿ.ಯಲ್ಲಿ ಪುಕ್ಕಟೆ ಬಂದಿತ್ತು. ಮಾವ ತಂದ ಯಂತ್ರಕ್ಕೆ ಸಿ.ಡಿ. ಹಾಕುವ ಬಾಯಿ ಇರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕೂತು ಒಂದು ರಾಶಿ ಫ್ಲಾಪಿಗೆ ತುಂಬಿಸಿ, ಯಾವುದರ ಹಿಂದೆ ಯಾವುದು ಎಂದು ಬರೆದು, ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿದೆ. ಅವಳೊಬ್ಬಳೇ ಕೂತು ಒಂದೊಂದನ್ನೂ ತುರುಕಿ, ಎಲ್ಲವನ್ನೂ ಡಿಸ್ಕಿಗೆ ಇಳಿಸಿಕೊಂಡಳು. ಯಂತ್ರ ಎದ್ದಿತು. ಒಬ್ಬಳು ಕೂತರೆ ನಡೆಯುತ್ತಿತ್ತು. ಎರಡನೆಯ ಟರ್ಮಿನಲ್ಲು ಹಚ್ಚಿದರೆ ಏದುಸಿರು ಬಿಡುತ್ತಿತ್ತು. ಮೂರನೆಯದು ಹಚ್ಚಿದರೆ ಒಂದಕ್ಷರ ಒತ್ತಿ, ಒಲೆಯ ಮೇಲಿನ ಹಾಲು ನೋಡಿ ಬಂದರೂ ಅದು ಪರದೆಗೆ ಬಂದಿರುತ್ತಿರಲಿಲ್ಲ.

ತಪ್ಪು ಯಂತ್ರದ್ದಲ್ಲ. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಗಿನ ಯಜಮಾನ. ಯಾರಿಗೆ ಎಷ್ಟು ಹೊತ್ತು ಪ್ರೊಸೆಸರ್ ಕೊಡಬೇಕು, ಯಾರಿಗೆ ಎಷ್ಟು ಮೆಮೊರಿ, ಯಾವ ತಂತಿಯಲ್ಲಿ ಬಂದ ಅಕ್ಷರ ಯಾವ ಪರದೆಗೆ, ಎಲ್ಲ ಅದರ ಕೈಯಲ್ಲಿ. ಸಿ.ಡಿ.ಯಲ್ಲಿ ಬಂದ ಕರ್ನೆಲ್ಲು ಎಂಥ ಯಂತ್ರಕ್ಕಾದರೂ ಹೊಂದಲಿ ಎಂದು ಮಾಡಿದ್ದು. ಕಂಡ ಕಂಡ ಕಾರ್ಡುಗಳ ಪರಿಚಯವನ್ನೆಲ್ಲ ಹೊತ್ತುಕೊಂಡು ದಪ್ಪಗಾಗಿತ್ತು. ಆ ಹಳೇ ಯಂತ್ರದ ಅಂಗೈಯಗಲದ ಮೆಮೊರಿಯಲ್ಲಿ ಅದೇ ಕೂತರೆ ಬೇರೆಯವರಿಗೆ ಜಾಗ ಎಲ್ಲಿ? ಆ ಯಂತ್ರಕ್ಕೆ, ಆ ಪ್ರೊಸೆಸರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಒಂದು ಸಣ್ಣ ಕರ್ನೆಲ್ ಕಟ್ಟಬೇಕಾಗಿತ್ತು. ಅದರ ಮೂಲ ಬರವಣಿಗೆಯೇ, ಸೋರ್ಸು ಎನ್ನುವುದು, ಸಿ.ಡಿ.ಯಲ್ಲಿ ಇತ್ತು. ಯಾರು ಬೇಕಾದರೂ ತೆರೆದು ಓದಬಹುದಿತ್ತು, ಬದಲಾಯಿಸಬಹುದಿತ್ತು. ಆ ಒಂದು ಸಂಗತಿಯನ್ನು ನಂಬುವುದಕ್ಕೇ ನನಗೆ ಸ್ವಲ್ಪ ದಿನ ಹಿಡಿಯಿತು.

ನಮ್ಮ ಲ್ಯಾಬಿನಲ್ಲಿ ಇದ್ದದ್ದು ಒಂದೇ ಪೆಂಟಿಯಂ. ಅದಕ್ಕೆ ಗವುಸು, ಕೋಣೆಗೆ ಪರದೆ, ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ಬೋರ್ಡು. ಸಂಜೆ ಲೇಪಾಕ್ಷಿ ಕಡೆಯ ಮಕ್ಕಳು ಬಸ್ಸಿಗೆ ಓಡಿದ ಮೇಲೆ ನಾನು ಅದರ ಮುಂದೆ ಕೂರುತ್ತಿದ್ದೆ. ಕರ್ನೆಲ್ ಕಟ್ಟುವ ಮೊದಲು ಅದು ಪ್ರಶ್ನೆ ಕೇಳುತ್ತದೆ. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳುವುದಿಲ್ಲ. ನಿಮ್ಮ ಡಿಸ್ಕು ಯಾವ ಜಾತಿಯದು? ನೆಟ್‌ವರ್ಕು ಉಂಟೆ? ಟೇಪು? ಮೌಸು? ಸೌಂಡ್ ಕಾರ್ಡು? ಹೌದಾದರೆ ವೈ, ಬೇಡವಾದರೆ ಎನ್. ಒಂದೊಂದು ಎನ್ ಒತ್ತಿದಾಗಲೂ ಕರ್ನೆಲ್ಲಿನ ಮೈ ಸ್ವಲ್ಪ ಕರಗುತ್ತಿತ್ತು. ನಾನು ಖುಷಿಯಿಂದ ಎನ್ ಒತ್ತುತ್ತ ಹೋದೆ. ಪ್ರೊಸೆಸರ್ ಯಾವುದು ಎಂದು ಕೇಳಿದಾಗ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳದರ್ಜೆಯ ತ್ರೀ ಎಯ್ಟಿ ಸಿಕ್ಸ್ ಆರಿಸಿದೆ. ಪೆಂಟಿಯಂ ಎಂದು ಹೇಳಿ ಕಟ್ಟಿದರೆ ಅದಕ್ಕೆ ಗೊತ್ತಿಲ್ಲದ ಆಜ್ಞೆಗಳೆಲ್ಲ ಒಳಗೆ ಸೇರಿ, ಆ ಹಳೇ ಯಂತ್ರ ಕಣ್ಣು ಬಿಡುವುದೇ ಇಲ್ಲ.

ಯಾವ ಪ್ರಶ್ನೆ ಅರ್ಥವಾಗದಿದ್ದರೂ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ವಿವರಣೆ ಬರುತ್ತಿತ್ತು. ಸಿಡುಕಿಲ್ಲ, ದೊಡ್ಡಸ್ತಿಕೆ ಇಲ್ಲ. ಇದು ನಿಮ್ಮಲ್ಲಿದ್ದರೆ ಹೀಗೆ ಮಾಡಿ, ಗೊತ್ತಿಲ್ಲದಿದ್ದರೆ ಹೀಗೆ ಹೇಳಿಬಿಡಿ, ಕೆಡುವುದೇನೂ ಇಲ್ಲ ಎಂಬ ಧಾಟಿ. ನಾನು ಇಷ್ಟು ವರ್ಷ ಪಾಠ ಹೇಳಿದರೂ ಆ ತಾಳ್ಮೆ ನನಗೆ ಬಂದಿಲ್ಲ, ಮಕ್ಕಳನ್ನು ಕೇಳಿ ಬೇಕಾದರೆ. ಯಾವ ದೇಶದವರೋ, ಸಂಬಳ ಇಲ್ಲದೆ, ನಾನೆಂಬವಳು ಹಿಂದೂಪುರದಲ್ಲಿ ಕೂತು ತಿಣುಕುತ್ತೇನೆಂದು ಮೊದಲೇ ಊಹಿಸಿ ಬರೆದಿಟ್ಟಂತಿತ್ತು. ಎಷ್ಟೋ ಸಲ ಬೇಡದ ಪ್ರಶ್ನೆಗೂ ವಿವರಣೆ ಒತ್ತಿ ಓದುತ್ತ ಕೂತೆ. ವಾಚ್‌ಮನ್ ಬಂದು ಬೀಗದ ಗೊಂಚಲು ಅಲ್ಲಾಡಿಸುವವರೆಗೆ ಏಳಲು ಮನಸ್ಸಾಗುತ್ತಿರಲಿಲ್ಲ.

ಒಂದು ಪ್ರಶ್ನೆಯ ಹತ್ತಿರ ಮಾತ್ರ ಕೈ ನಿಂತಿತು. ತ್ರೀ ಎಯ್ಟಿ ಸಿಕ್ಸ್ ಪ್ರೊಸೆಸರಿಗೆ ಪೂರ್ಣ ಸಂಖ್ಯೆಗಳ ಲೆಕ್ಕ ಬರುತ್ತದೆ, ದಶಮಾಂಶದ ಲೆಕ್ಕ ನೇರವಾಗಿ ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಗಣಿತದ ಚಿಪ್ಪು ಕೂರಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಇರುತ್ತದೆ, ಕೆಲವದರಲ್ಲಿ ಅದರ ಗೂಡು ಖಾಲಿ. ಚಿಪ್ಪು ಇಲ್ಲದವರಿಗಾಗಿ ಕರ್ನೆಲ್ಲಿನೊಳಗೇ ಒಂದು ಬದಲಿ ವ್ಯವಸ್ಥೆ ಸೇರಿಸಬಹುದಿತ್ತು. ಅದು ಬೇಕೆ ಎಂಬುದು ಪ್ರಶ್ನೆ. ಬೇಕೆಂದರೆ ಮೈ ಸ್ವಲ್ಪ ಬೆಳೆಯುತ್ತದೆ. ನಾನೋ ಒಂದೊಂದು ಚೂರಿಗೂ ಜಿಪುಣತನ ಮಾಡುತ್ತಿದ್ದೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಎಸ್.ಟಿ.ಡಿ. ಬೂತಿಗೆ ನುಗ್ಗಿ ಕಲ್ಯಾಣದುರ್ಗಕ್ಕೆ ಫೋನು ಹಚ್ಚಿದೆ. ಅಂಗಡಿಯಲ್ಲಿ ಮಾವ ಎತ್ತಿದರು.

“ಮಾವ, ಅವಳಿಗೆ ಹೇಳಿ ಕಂಪ್ಯೂಟರಿನ ಮುಚ್ಚಳ ತೆಗೆಸಿ. ದೊಡ್ಡ ಚಿಪ್ಪಿನ ಪಕ್ಕದಾಗೆ ಇನ್ನೊಂದು ಚದರ ಚಿಪ್ಪು ಐತಾ ಅಂತ ನೋಡ್ಬೇಕು.”

ಮಾವ ಮಹಡಿಯ ಕಡೆ ಕೂಗಿದರು. ಹೆಜ್ಜೆ ಸಪ್ಪಳ, ಏನೋ ಮಾತು ಕೇಳಿಸಿತು. ಆಮೇಲೆ ಮಾವನ ದನಿ ಗಟ್ಟಿಯಾಗಿ ಬಂತು. “ಐತೆ ಕಣಮ್ಮ, ಐತೆ ಐತೆ.”

ನಾನು ಫೋನು ಇಟ್ಟೆ. ಆ ಪ್ರಶ್ನೆಗೂ ಎನ್ ಒತ್ತಿದೆ.

ಕಟ್ಟಿದ ಕರ್ನೆಲ್ಲು ಒಂದೇ ಫ್ಲಾಪಿಯಲ್ಲಿ ಜಾಗ ಉಳಿಸಿಕೊಂಡು ಕೂತಿತು. ಆ ಶನಿವಾರ ಫ್ಲಾಪಿಯನ್ನು ಸ್ಟೀಲಿನ ಊಟದ ಡಬ್ಬಿಯಲ್ಲಿ ಹಾಕಿ, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಕೊನೆಗೆ ಜೀಪಿನಲ್ಲಿ ಕೋಳಿಗಳ ಪಕ್ಕ ಇಕ್ಕಟ್ಟಾಗಿ ಕೂತು ಕಲ್ಯಾಣದುರ್ಗ ಸೇರಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಗುಡ್ಡೆ ಹಾಕಿದ್ದರು. ಮಾವನ ಕರಾರಿನ ಗಡುವು ಹತ್ತಿರಕ್ಕೇ ಬಂದಿತ್ತು. ಮಾವ ನನ್ನನ್ನು ನೋಡಿದ ಕೂಡಲೇ ಅದನ್ನೇ ಹೇಳಿದರು. “ಸೋಮವಾರ ಟ್ರಾಕ್ಟರ್ ಬತ್ತವೆ. ಇವತ್ತು ನಿಮ್ಮ ಮಿಷನ್ನು ಏನಂತೈತೋ ನೋಡಾನ.”

ಅತ್ತೆ ಯಂತ್ರದ ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದಿದ್ದರು. ಮನೆಯವರೆಲ್ಲ ಮಹಡಿಗೆ ಬಂದು ನಿಂತರು. ಫ್ಲಾಪಿ ಹಾಕಿ ಸ್ವಿಚ್ಚು ಒತ್ತಿದೆ. ಅದು ಗರಗರ ಎಂದಿತು, ಚುಕ್ಕೆಗಳು ಸಾಲಾಗಿ ಬಂದವು, ಸಾಲುಗಳು ಓಡಿದವು. ಮಾವನ ಮಗಳು ನನ್ನ ತೋಳು ಹಿಡಿದಿದ್ದಳು. ಫಕ್ಕನೆ ಎಲ್ಲ ನಿಂತಿತು. ಗಣಿತದ ಚಿಪ್ಪು ಸಿಗಲಿಲ್ಲ, ಅದರ ಬದಲಿಯೂ ಒಳಗಿಲ್ಲ, ಕೈಬಿಡುತ್ತಿದ್ದೇನೆ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಬಂದು ಪರದೆ ಕಲ್ಲಾಗಿ ಕೂತಿತು.

“ಚಿಪ್ಪು ಇಲ್ವಾ?” ಎಂದೆ.

“ಇಲ್ಲ ಅಕ್ಕ, ಗೂಡು ಖಾಲಿ ಐತೆ. ಅವತ್ತೇ ಅಪ್ಪಂಗೆ ಹೇಳಿದ್ನಲ್ಲ” ಎಂದಳು ಅವಳು.

ನಾನು ಮಾವನ ಕಡೆ ತಿರುಗಿದೆ. ದೊಡ್ಡವರು, ತಾಯಿಯ ಅಣ್ಣ ಎಂಬುದನ್ನೂ ನೋಡದೆ ರೇಗಿದೆ. “ಮತ್ತೆ ಫೋನಿನಾಗೆ ಐತೆ ಐತೆ ಅಂದ್ರಲ್ಲ ಮಾವ! ಒಂದ್ಸಲ ಅಲ್ಲ, ಮೂರು ಸಲ!”

ಮಾವ ಪೆಚ್ಚಾದರು. ಆಮೇಲೆ ನನಗೇ ಬುದ್ಧಿ ಕಡಿಮೆ ಎನ್ನುವಂತೆ ನೋಡಿದರು. “ಬೆಳಿಗ್ಗೆ ಬೋಣಿ ಆಗಿರ್ಲಿಲ್ಲ ಕಣಮ್ಮ. ಗಲ್ಲಾಪೆಟ್ಟಿಗೆ ಮುಂದೆ ಕುಂತ್ಕಂಡು ಇಲ್ಲ ಅಂತ ಎಂಗನ್ಲಿ?”

ಕೋಪದಲ್ಲೂ ನನಗೆ ನಗು ಬಂದುಬಿಟ್ಟಿತು. ಆ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತಿಗೆ ಜಾಗವೇ ಇರಲಿಲ್ಲ. ಬೆಳಗಿನ ಮೊದಲ ವ್ಯಾಪಾರಕ್ಕೆ ಮುಂಚೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಆಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಅಕ್ಕಿ ಮುಗಿದರೆ ಅತ್ತೆ “ಅಕ್ಕಿ ತುಂಬೈತೆ” ಎನ್ನುತ್ತಿದ್ದರು. ಗಿರಾಕಿ ಬಂದು ಅಂಗಡಿಯಲ್ಲಿಲ್ಲದ ಸಾಮಾನು ಕೇಳಿದರೆ ಮಾವ “ಉಂದಪ್ಪಾ, ಕೂಚ್ಚೋ” ಎಂದು ತೆಲುಗಿನಲ್ಲೂ ‘ಇದೆ’ ಎಂದೇ ಹೇಳಿ ಕೂರಿಸಿ, ಹಿಂಬಾಗಿಲಿನಿಂದ ಆಳನ್ನು ಪಕ್ಕದ ಬೀದಿಗೆ ಓಡಿಸಿ ತರಿಸಿ ಕೊಡುತ್ತಿದ್ದರು. ನಾವೆಲ್ಲ ಹುಟ್ಟಿದಾಗಿನಿಂದ ಕಂಡದ್ದೇ. ಆದರೆ ಪ್ರೊಸೆಸರಿನ ವಿಷಯದಲ್ಲೂ ಲಕ್ಷ್ಮಿ ಅಡ್ಡ ಬರುತ್ತಾಳೆಂದು ಯಾರಿಗೆ ಹೊಳೆಯಬೇಕು?

ಇನ್ನೊಮ್ಮೆ ಹಿಂದೂಪುರಕ್ಕೆ ಹೋಗಿ ಕಟ್ಟಿ ತರುವಷ್ಟು ಹೊತ್ತಿರಲಿಲ್ಲ. ಭಾನುವಾರ ಲ್ಯಾಬಿಗೆ ಬೀಗ. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಅಳಲಿಲ್ಲ. “ಹೋಗ್ಲಿ ಬಿಡಕ್ಕ, ಬರೋ ವರ್ಷ ನೋಡಾನ” ಎಂದಳು. ಆ ಮಾತು ನನಗೆ ಅಳುವುದಕ್ಕಿಂತ ಕೆಟ್ಟದಾಗಿ ತಾಕಿತು. ಬರುವ ವರ್ಷದವರೆಗೆ ಅವಳ ಹಾಸಿಗೆ ಎಲ್ಲೆಲ್ಲಿ ಸುತ್ತುತ್ತದೆಂದು ನನಗೆ ಗೊತ್ತಿತ್ತು.

“ನಾನು ಕಳಿಸಿದ ಫ್ಲಾಪಿಯಾಗೆ ಎಷ್ಟು ಹಾಕ್ಕಂಡಿದೀಯ? ಜಾಗ ತಿಂತೈತೆ, ಕರ್ನೆಲ್ಲಿನ ಸೋರ್ಸು ಬೇಡ ಅಂದಿದ್ನಲ್ಲ, ಅದು ಹಾಕಿಲ್ಲ ತಾನೆ?” ಎಂದು ಕೇಳಿದೆ.

“ಬೈಬೇಡ ಅಕ್ಕ. ಬಂದಿದ್ದೆಲ್ಲ ಹಾಕ್ಬುಟ್ಟೆ.”

ಅವಳನ್ನು ತಬ್ಬಿಕೊಂಡುಬಿಟ್ಟೆ. ಸಿ ಕಲಿಸಬೇಕೆಂದು, ಆ ಬರವಣಿಗೆಯನ್ನು ಯಂತ್ರದ ಆಜ್ಞೆಗಳಾಗಿ ಮಾಡುವ ಕಂಪೈಲರ್ ಮೊದಲೇ ಇತ್ತು. ಕರ್ನೆಲ್ಲಿನ ಮೂಲವೂ ಡಿಸ್ಕಿನಲ್ಲಿ ಇದ್ದಮೇಲೆ ಹಿಂದೂಪುರ ಯಾಕೆ? ಆ ದಪ್ಪನೆಯ ಹಳೇ ಕರ್ನೆಲ್ಲಿನ ಮೇಲೇ ಕುಂಟುತ್ತ, ಆ ಯಂತ್ರ ತನ್ನ ಹೊಸ ಕರ್ನೆಲ್ಲನ್ನು ತಾನೇ ಕಟ್ಟಿಕೊಳ್ಳಬಹುದು. ಪೆಂಟಿಯಂ ಬೇಗ ಮುಗಿಸುವ ಕೆಲಸಕ್ಕೆ ಇದಕ್ಕೆ ಹಗಲು ರಾತ್ರಿ ಬೇಕಾಗುತ್ತದೆ, ಅಷ್ಟೆ.

ಇಬ್ಬರೂ ಕೂತು ಪ್ರಶ್ನೆಗಳನ್ನು ಮತ್ತೆ ಮೊದಲಿನಿಂದ ಶುರುಮಾಡಿದೆವು. ಈ ಸಲ ಪ್ರಶ್ನೆ ಓದಿದ್ದು ನಾನು, ಒತ್ತಿದ್ದು ಅವಳು. ಗಣಿತದ ಚಿಪ್ಪಿನ ಬದಲಿ ಬೇಕೆ ಎಂದು ಬಂದಾಗ ಅವಳು ವೈ ಒತ್ತಿ ಅಪ್ಪನ ಕಡೆ ಓರೆಗಣ್ಣಿನಲ್ಲಿ ನೋಡಿದಳು.

“ಅದೇನು ಬದಲಿ ಅಂದ್ರೆ?” ಎಂದರು ಮಾವ. ತಪ್ಪು ಮಾಡಿದ ಮೇಲೆ ಕೆಳಗೆ ಇಳಿದು ಹೋಗಲು ಅವರಿಗೆ ಮನಸ್ಸಾಗಿರಲಿಲ್ಲ.

ವಿವರಿಸಿದೆ. ಯಾವುದೋ ಪ್ರೋಗ್ರಾಮು ಬಂದು ದಶಮಾಂಶದ ಭಾಗಾಕಾರ ಮಾಡಿಕೊಡು ಎಂದು ಆ ಚಿಪ್ಪನ್ನು ಕೇಳುತ್ತದೆ. ಚಿಪ್ಪು ಇಲ್ಲ. ಕರ್ನೆಲ್ಲು ನಡುವೆ ಹಿಡಿದು, ಬಂದವನನ್ನು ನಿಲ್ಲಿಸಿ, ಆ ಲೆಕ್ಕವನ್ನು ಹಿಂದುಗಡೆ ಪೂರ್ಣ ಸಂಖ್ಯೆಗಳಲ್ಲೇ ಕಷ್ಟಪಟ್ಟು ಮಾಡಿ, ಉತ್ತರವನ್ನು ಅವನ ಕೈಗಿಡುತ್ತದೆ. ಚಿಪ್ಪು ಇರಲಿಲ್ಲವೆಂದು ಅವನಿಗೆ ಗೊತ್ತೇ ಆಗುವುದಿಲ್ಲ.

ಮಾವನ ಮುಖ ಅರಳಿತು. “ಇದು ನಮ್ಮ ಯಾಪಾರನೇ ಕಣಮ್ಮ! ಯಾರಮ್ಮ ಬರ್ದಿದ್ದು ಇದ್ನ, ಸೆಟ್ಟರಾ?”

ಮಧ್ಯಾಹ್ನ ಅದು ಕಟ್ಟಲು ಕೂತಿತು. ಒಂದೊಂದು ಫೈಲಿನ ಹೆಸರು ಪರದೆಯ ಮೇಲೆ ಬಂದು, ಬಹಳ ಹೊತ್ತು ನಿಂತು, ಮೇಲೆ ಸರಿಯುತ್ತಿತ್ತು. ಡಿಸ್ಕು ಒಳಗೆ ಕಡಲೆಕಾಯಿ ಸುಲಿದಂತೆ ಸದ್ದು ಮಾಡುತ್ತಿತ್ತು. ಸಂಜೆಗೆ ಕರೆಂಟು ಹೋಯಿತು. “ಎಲ್ಲ ಮೊದ್ಲಿಂದನಾ ಅಕ್ಕ?” ಎಂದಳು ಅವಳು. ಕರೆಂಟು ಬಂದ ಮೇಲೆ ಯಂತ್ರ ತನ್ನ ಡಿಸ್ಕನ್ನೆಲ್ಲ ತಡವಿ ನೋಡಿಕೊಂಡು ಎದ್ದಿತು. ಅದೇ ಆಜ್ಞೆ ಮತ್ತೆ ಕೊಟ್ಟೆವು. ಮುಗಿದವುಗಳನ್ನು ಅದು ಮುಟ್ಟಲೇ ಇಲ್ಲ. ಎಲ್ಲಿ ಬಿಟ್ಟಿತ್ತೋ ಆ ಫೈಲಿನಿಂದಲೇ ಎತ್ತಿಕೊಂಡಿತು. ಇಂಥ ಊರಿನ ಕರೆಂಟನ್ನೂ ಯಾರೋ ಎಣಿಕೆಗೆ ಹಿಡಿದಿದ್ದರಲ್ಲ ಎನಿಸಿತು ನನಗೆ. ರಾತ್ರಿ ಅದನ್ನು ಅದರ ಪಾಡಿಗೆ ಬಿಟ್ಟು ಇಬ್ಬರೂ ಅಲ್ಲೇ ಚಾಪೆ ಹಾಸಿ ಮಲಗಿದೆವು.

ಭಾನುವಾರವೂ ಕರೆಂಟು ಹೋಯಿತು, ಬಂತು, ಅದು ಮುಂದುವರಿಯಿತು. ಮಧ್ಯಾಹ್ನದ ಮೇಲೆ ಗಣಿತದ ಭಾಗಕ್ಕೆ ಬಂತು. ನಾನು ಎದ್ದು ಕೂತೆ. ಸೈನ್, ಟ್ಯಾನ್, ವರ್ಗಮೂಲ, ಭಾಗಾಕಾರ ಎಂಬರ್ಥದ ಹೆಸರುಗಳು ಒಂದೊಂದೇ ಪರದೆಯ ಮೇಲೆ ಬರತೊಡಗಿದವು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ನಾನು ಬರೆದು ಅಳಿಸಿದ ಸರಣಿಗಳು. ಇವನ್ನು ಕಲಿತು ಏನು ಪ್ರಯೋಜನ ಎಂದು ಮಕ್ಕಳು ಕೇಳಿದರೆ ಪರೀಕ್ಷೆಗೆ ಬರುತ್ತದೆ ಎಂದು ಗದರಿದ್ದೆ. ಇಲ್ಲಿ ಯಾರೋ ಪುಣ್ಯಾತ್ಮರು ಅದನ್ನೇ ಹಿಡಿದು, ಸಾಲು ಸಾಲು ಬರೆದು, ಗಣಿತ ಬಾರದ ಪ್ರೊಸೆಸರಿಗೆ ಗಣಿತ ಬರಿಸಿದ್ದರು. ಚಿಪ್ಪು ಕೊಳ್ಳಬಲ್ಲವರ ಲೋಕದಲ್ಲಿ ಕೂತು ಖಾಲಿ ಗೂಡಿನವರನ್ನು ನೆನೆದಿದ್ದರು. ದೇವಸ್ಥಾನದಲ್ಲೂ ನಾನು ಸುಲಭಕ್ಕೆ ಕೈಮುಗಿಯುವವಳಲ್ಲ. ಅವತ್ತು ಆ ಹಳೇ ಪರದೆಯ ಮುಂದೆ ಕೈಗಳು ತಾವಾಗಿ ಜೋಡಿಕೊಂಡವು. ಮಾವನ ಮಗಳು ನಗಲಿಲ್ಲ, ಅವಳೂ ಕೈ ಜೋಡಿಸಿದಳು.

ಸೋಮವಾರ ಬೆಳಿಗ್ಗೆ ಅದು ಮುಗಿಯಿತು. ಅದೇ ಹೊತ್ತಿಗೆ ಕೆಳಗೆ ಟ್ರಾಕ್ಟರ್ ಬಂದು ನಿಂತಿತ್ತು. ಗೋದಾಮು ಆಗಲೇ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅದು ತುಂಬಿದ ಮೇಲೆ ಹಮಾಲಿಗಳು ಮೂಟೆ ಹೊತ್ತು ಮೆಟ್ಟಿಲ ಕಡೆ ಬರುತ್ತಾರೆಂದು ನಮಗೆ ಗೊತ್ತಿತ್ತು. ಹೊಸ ಕರ್ನೆಲ್ಲನ್ನು ಅದರ ಜಾಗದಲ್ಲಿಟ್ಟು, ಟರ್ಮಿನಲ್ಲುಗಳ ತಂತಿ ಸಿಕ್ಕಿಸಿ, ಯಂತ್ರವನ್ನು ಆರಿಸಿ ಹಚ್ಚಿದೆವು. ಮಾವ ಅಂಗಡಿ ಬಿಟ್ಟು ಮೇಲೆ ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆಯೇ ಮೊದಲ ಹಮಾಲಿ ಬೆನ್ನ ಮೇಲೆ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ.

ಸಾಲುಗಳು ಓಡಿದವು. ಹಿಂದಿನ ಸಲ ಕೈಬಿಟ್ಟ ಜಾಗ ಬಂತು. ಅದು ನಿಲ್ಲದೆ ಮುಂದೆ ಹೋಯಿತು. ಮೊದಲು ದೊಡ್ಡ ಪರದೆಯ ಮೇಲೆ, ಆಮೇಲೆ ಒಂದೊಂದಾಗಿ ಮೂರು ಹಸಿರು ಪರದೆಗಳ ಮೇಲೂ ಒಂದೇ ಮಾತು ಮೂಡಿ, ಅದರ ಪಕ್ಕದಲ್ಲಿ ಸಣ್ಣ ಗೆರೆ ಮಿಣುಕತೊಡಗಿತು. ಅವಳು ಒಂದರಿಂದ ಒಂದಕ್ಕೆ ಓಡಿ ಒತ್ತಿ ನೋಡಿದಳು. ಬೆರಳು ಎತ್ತುವ ಮುಂಚೆ ಅಕ್ಷರ ಬರುತ್ತಿತ್ತು, ನಾಲ್ಕರಲ್ಲೂ.

“ಏನಂತೈತೆ ಅದು?” ಎಂದರು ಮಾವ.

“ಒಳಕ್ಕೆ ಬಿಡಾಕೆ ಮುಂಚೆ ನೀನ್ಯಾರು ಅಂತ ಕೇಳ್ತೈತಪ್ಪ” ಎಂದಳು ಅವಳು.

ಕೂತು ತನ್ನ ಹೆಸರು ಒತ್ತಿದಳು. ಬರೀ ಅವಳ ಹೆಸರು. ಹಿಂದೆ ಅಪ್ಪನ ಹೆಸರಿಲ್ಲ, ಮುಂದೆ ಗಂಡನ ಹೆಸರಿಲ್ಲ. ಗುಪ್ತಪದ ಕೇಳಿತು, ಕೊಟ್ಟಳು. ಯಂತ್ರ ಅವಳನ್ನು ಒಳಗೆ ಬಿಟ್ಟುಕೊಂಡಿತು. ಮಾವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಕನ್ನಡಕ ಮೇಲೇರಿಸಿ ಆ ಹಸಿರು ಅಕ್ಷರಗಳನ್ನೇ ನೋಡುತ್ತ ನಿಂತರು. ಅವರ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ಕಂಡೆ.

ಹಿಂದಿನಿಂದ ಹಮಾಲಿ, ಭಾರಕ್ಕೆ ಬಗ್ಗಿದವನು, ಇದನ್ನು ಎಲ್ಲಿ ಹಾಕಲಿ ಎಂದು ಕೂಗಿದ. “ಯಾಡ ಎಯ್ಯಾಲ ಸಾವುಕಾರಿ?”

ಮಾವ ತಿರುಗಲಿಲ್ಲ. “ಕೆಳಕ್ಕೆ ತಗಂಡೋಗಪ್ಪ. ನಡುಮನ್ಯಾಗೆ ನನ್ನ ಮಂಚ ಎತ್ತಿ ಅಲ್ಲಿ ಹಾಕ್ರಿ.”

ಆ ಸುಗ್ಗಿ ಮುಗಿಯುವವರೆಗೆ ಮಾವ ಮೂಟೆಗಳ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಅತ್ತೆ ದಿನವೂ ಗೊಣಗಿದರು. ಮುಂದಿನ ಸಲ ನಾನು ಹೋದಾಗ ಮಹಡಿಯಲ್ಲಿ ನಾಲ್ಕು ಹುಡುಗಿಯರು ಕೂತು ಒತ್ತುತ್ತಿದ್ದರು, ಅವಳು ಅವರ ಬೆನ್ನ ಹಿಂದೆ ಓಡಾಡುತ್ತ ಗದರುತ್ತಿದ್ದಳು. ಮಾವನಿಗೆ ಮೇಲೆ ಏನೋ ಕೆಲಸವಿತ್ತು. ತನ್ನದೇ ಮನೆಯ ಮೆಟ್ಟಿಲ ಕೆಳಗೆ ನಿಂತು, ತಲೆಯೆತ್ತಿ ಮಗಳನ್ನು ಕೂಗಿ ಕೇಳಿದರು.

“ಮ್ಯಾಕೆ ಬರ್ಬೋದೇನಮ್ಮ?”